ಬೀಗದಕ್ಕನ ಓಟು

ಪಟ್ಟಣದ ಸಭಾಭವನದ ಬೀಗದಕೈ ಗೊಂಚಲು ಯಾವಾಗಲೂ ಆಕೆಯ ಸೊಂಟದಲ್ಲೇ ಇರುತ್ತಿತ್ತು. ಅದಕ್ಕೇ ಎಲ್ಲರ ಬಾಯಲ್ಲೂ ಆಕೆ ಬೀಗದಕ್ಕ. ಹೊಸದಾಗಿ ಬಂದವರು ಕೆಲವರು ಬೀಗಿತ್ತಿ ಎಂದು ತಪ್ಪು ತಿಳಿದು, "ನೀವು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ?" ಎಂದು ಕೇಳಿದ್ದೂ ಉಂಟು. "ನಾನು ಕಟ್ಟಡದ ಕಡೆಯವಳು," ಎನ್ನುತ್ತಿದ್ದಳು ಬೀಗದಕ್ಕ, ಪೊರಕೆ ನಿಲ್ಲಿಸದೆ.

ಭವನವೆಂದರೆ ಉದ್ದನೆಯ ಒಂದು ಹಜಾರ, ತುದಿಯಲ್ಲಿ ಮರದ ವೇದಿಕೆ, ಎರಡೂ ಬದಿಗೆ ಎತ್ತರದ ಕಿಟಕಿಗಳು. ಅದರ ಬೆನ್ನಿಗೆ ಅಂಟಿಕೊಂಡು ಎರಡು ಕೋಣೆ. ಬೀಗದಕ್ಕನ ಸಂಸಾರ ಆ ಎರಡು ಕೋಣೆಯಲ್ಲಿ. ಗಂಡ ರೈಲ್ವೆ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ. ಮಗಳು ದೊಡ್ಡ ಲಾಂಡ್ರಿಯಲ್ಲಿ ಆಸ್ಪತ್ರೆ ಮತ್ತು ಹೋಟೆಲುಗಳ ಹಾಸಿಗೆಬಟ್ಟೆ ಒಗೆಯುವವಳು. ಇನ್ನೊಬ್ಬರು ಅತ್ತೆ. ಮಂಡಿನೋವಿನಿಂದ ಹೆಚ್ಚು ಓಡಾಡಲಾಗದ ಅತ್ತೆಯ ಮಂಚ ಇದ್ದದ್ದು ಹಜಾರದ ಗೋಡೆಗೆ ಒತ್ತಿ, ಗವಾಕ್ಷಿಯ ಕೆಳಗೆ. ಆ ಕಡೆ ವೇದಿಕೆಯ ಮೇಲೆ ಯಾರು ಏನು ಮಾತಾಡಿದರೂ ಈ ಕಡೆ ಅತ್ತೆಯ ಕಿವಿಗೆ ಬೀಳುತ್ತಿತ್ತು. ವರ್ಷಗಟ್ಟಲೆ ಹಾಗೆ ಮಲಗಿಕೊಂಡೇ ಕೇಳಿ ಕೇಳಿ, ಭಾಷಣ ಶುರುವಾಗುವ ಮೊದಲೇ ಕೆಮ್ಮಿನ ಮೇಲೆ ಆಳು ಯಾರೆಂದು ಹೇಳಿಬಿಡುತ್ತಿದ್ದರು.

ಹೇಳುವುದಕ್ಕೆ ಆಗ ಇದ್ದದ್ದಾದರೂ ಎರಡೇ ಪಕ್ಷ. ಒಂದು ಹಳೇ ಪಕ್ಷ, ಒಂದು ಹೊಸ ಪಕ್ಷ. ಹೊಸ ಪಕ್ಷ ಹುಟ್ಟಿದ್ದು ಅತ್ತೆಯ ಮದುವೆಗೂ ಮುಂಚೆ. ಅದರಲ್ಲಿ ಹೊಸದೆಂದರೆ ಹೆಸರೊಂದೇ. ಹಳೇ ಪಕ್ಷದಲ್ಲಿ ಜಮೀನು, ಬಾಡಿಗೆ ಮನೆಗಳ ಸಾಲು ಇಟ್ಟುಕೊಂಡ ಹಿರಿಯರು. ಅವರಿಗೆ ಮುಂದಾಳು ವಕೀಲರು. ಬಿಳಿ ಮೀಸೆ, ನೆಟ್ಟಗೆ ಕೂರುವ ಮನುಷ್ಯ, ಮಾತಿಗೆ ಮುಂಚೆ ಒಂದು ಕೆಮ್ಮು. ಹೊಸ ಪಕ್ಷದಲ್ಲಿ ಅಂಗಡಿ, ಗಿರಣಿ, ಗೋದಾಮಿನವರು. ಅವರಿಗೆ ಮುಂದಾಳು ಎಣ್ಣೆ ಮಿಲ್ಲಿನ ಸಾಹುಕಾರರು; ದುಂಡು ಮುಖ, ಮಾತಿಗೊಂದು ನಗು. ಇವರಿಬ್ಬರ ನಡುವೆ ಎಣ್ಣೆ ಸೀಗೇಕಾಯಿ ಸಂಬಂಧ. ಒಬ್ಬರು ಭವನದ ಮುಂಬಾಗಿಲಿಂದ ಬರುತ್ತಿದ್ದರೆ ಇನ್ನೊಬ್ಬರು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು.

ಓಟು ಇದ್ದದ್ದು ಸ್ವಂತ ಮನೆಯಿದ್ದು ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ. ಹಾಗಾಗಿ ಎರಡೂ ಪಕ್ಷಗಳಿಗೆ ಬೇಕಾದವರೆಲ್ಲ ಆ ಹಜಾರದಲ್ಲಿ ಆರಾಮವಾಗಿ ಹಿಡಿಸುತ್ತಿದ್ದರು. ಕಾಲುವೆ ನೀರು ಮೊದಲು ಯಾರ ಜಮೀನಿಗೆ, ರೈಲಿನ ಸಾಗಣೆ ದರ ಏರಬೇಕೋ ಇಳಿಯಬೇಕೋ, ಇವೇ ಅವರ ಜಗಳ. ಅತ್ತೆಯ ಪ್ರಕಾರ ಎರಡೂ ಪಕ್ಷ ಹೇಳುವುದು ಒಂದೇ. "ಒಬ್ರು ಕೆಮ್ಮಿ ಹೇಳ್ತಾರೆ, ಒಬ್ರು ನಕ್ಕು ಹೇಳ್ತಾರೆ, ಅಷ್ಟೇ ಕಣೇ ವ್ಯತ್ಯಾಸ."

ಬೀಗದಕ್ಕನಿಗೆ ಮಾತ್ರ ವಕೀಲರ ಮೇಲೆ ಒಂದು ತೂಕ ಗೌರವ ಜಾಸ್ತಿ. ಅದಕ್ಕೆ ಕಾರಣವಿತ್ತು. ಮಗಳು ಚಿಕ್ಕವಳಿದ್ದಾಗ ಬೀಗದಕ್ಕ ತಿಂಗಳುಗಟ್ಟಲೆ ಕಾಯಿಲೆ ಬಿದ್ದಿದ್ದಳು. ಬೇರೆ ಆಳು ಇಟ್ಟುಕೊಂಡು ಕೋಣೆ ಖಾಲಿ ಮಾಡಿಸೋಣ ಎಂದು ಭವನದ ಸಮಿತಿ ಹೊರಟಿತ್ತು. "ಆ ಹೆಂಗಸು ಎದ್ದು ಓಡಾಡೋವರೆಗೂ ಕುರ್ಚಿ ನಾವೇ ಹಾಕ್ಕೊಳ್ಳೋಣ, ಕೈ ಸವೆದು ಹೋಗಲ್ಲ," ಎಂದವರು ವಕೀಲರು. ಹೇಳಿದಂತೆ ಒಂದೆರಡು ಸಲ ತಾವೇ ಕುರ್ಚಿ ಎಳೆದೂ ಇದ್ದರು. ಅದನ್ನು ಗವಾಕ್ಷಿಯಿಂದ ಅತ್ತೆ ಕೇಳಿಸಿಕೊಂಡು ಸೊಸೆಗೆ ಹೇಳಿದ್ದರು.

ಹೀಗಿರುವಾಗ ಒಂದು ಸಂಜೆ ಮಗಳು ಲಾಂಡ್ರಿಯಿಂದ ಓಡೋಡಿ ಬಂದಳು. ಮೈಯೆಲ್ಲ ಸೋಪಿನ ವಾಸನೆ, ಕೂದಲಿಂದ ಇನ್ನೂ ಹಬೆಯ ನೀರು ಇಳಿಯುತ್ತಿತ್ತು.

"ಅಮ್ಮಾ! ನಮಗೆಲ್ಲ ಓಟು ಬಂತು!"

"ನಮಗೆ ಅಂದ್ರೆ ಯಾರಿಗೆ?"

"ನಂಗೆ, ನಿಂಗೆ, ಅಜ್ಜಿಗೆ, ಅಪ್ಪಂಗೆ. ಇಪ್ಪತ್ತೊಂದು ತುಂಬಿದವರಿಗೆಲ್ಲ. ಮನೆ ಇರ್ಲಿ ಬಿಡ್ಲಿ, ಗಂಡಸಾಗ್ಲಿ ಹೆಂಗಸಾಗ್ಲಿ. ರಾಜಧಾನೀಲಿ ಕಾನೂನು ಪಾಸಾಯ್ತಂತೆ!"

ಬೀಗದಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಗಂಡ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಗತ್ತಿನಿಂದ ಲೆಕ್ಕ ಹಾಕಿದ. "ಅಂದ್ರೆ ನಮ್ಮನೇಲಿ ನಾಲ್ಕು ಓಟು. ನಾಲ್ಕೂ ಎಲ್ಲಿಗೆ ಹಾಕ್ಬೇಕು ಅಂತ ನಾನು ಹೇಳ್ತೀನಿ."

ಮಂಚದ ಮೇಲಿಂದ ಕಿಸಕ್ಕನೆ ನಗು ಬಂತು. "ಹೇಳಪ್ಪಾ ಹೇಳು. ನಿನ್ನ ಮಾತು ಕೇಳಿ ಈ ಮನೇಲಿ ಬೆಕ್ಕೂ ಹೊರಗೆ ಹೋಗಿಲ್ಲ."

ಮಾರನೇ ದಿನದಿಂದಲೇ ಪಟ್ಟಣ ಬೇರೆಯಾಯಿತು. ಹೆಸರು ಹೇಳಿ ಯಾರೂ ಮಾತಾಡಿಸದಿದ್ದ ಓಣಿಗಳಿಗೆ ದೊಡ್ಡವರ ಚಪ್ಪಲಿ ಇಳಿಯಿತು. ವಕೀಲರು ಲಾಂಡ್ರಿಯ ಗೇಟಿನ ಮುಂದೆ ಒಂದು ಸ್ಟೂಲಿನ ಮೇಲೆ ನಿಂತು, ಕೆಲಸ ಬಿಟ್ಟು ಬರುತ್ತಿದ್ದ ನೂರಾರು ಹೆಂಗಸರ ಮುಂದೆ, ಬಹಳ ವರ್ಷದ ಅಭ್ಯಾಸದಂತೆ "ಮಹನೀಯರೇ!" ಎಂದು ಆರಂಭಿಸಿದರು. ಮಹನೀಯರು ಯಾರು ಬಂದರಪ್ಪಾ ಎಂದು ಹೆಂಗಸರೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿ ನೋಡಿದರು. ಆಮೇಲೆ ಕಾಲುವೆ ನೀರಿನ ಬಗ್ಗೆ ಅವರು ಏನು ಹೇಳಿದರೂ ನಗು ನಿಲ್ಲಲಿಲ್ಲ. ಪಾಪ, ಅವರು ಗಾಬರಿಯಲ್ಲಿ ಭಾಷಣ ಮುಗಿಸಿ ಸ್ಟೂಲಿನಿಂದ ಇಳಿಯುವಾಗ, ಕೈ ಹಿಡಿದು ಇಳಿಸಿದವಳು ಬೀಗದಕ್ಕನ ಮಗಳೇ.

ಸಾಹುಕಾರರು ಇದರಲ್ಲಿ ಚುರುಕು. ಅವರು ಭಾಷಣಕ್ಕೆ ಹೋಗದೆ ಮನೆಮನೆಗೆ ಹೋದರು. ಬೀಗದಕ್ಕನ ಕೋಣೆಗೂ ಬಾಗಿ ಒಳಗೆ ಬಂದು, ಅತ್ತೆಯ ಮಂಚದ ಪಕ್ಕ ಕೂತರು.

"ಏನಜ್ಜಿ, ಮಂಡಿನೋವು ಹೇಗಿದೆ?"

"ಕಾನೂನು ಬಂದಾಗಿಂದ ಎಲ್ರೂ ನನ್ನ ಮಂಡೀನೇ ವಿಚಾರಿಸ್ತಾರೆ ಸಾಹುಕಾರ್ರೇ," ಎಂದರು ಅತ್ತೆ. "ಓಟು ಇರೋದು ಮಂಡೀಲಾ?"

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಮಗಳು ನೇರವಾಗಿ ಕೇಳಿದಳು. "ಲಾಂಡ್ರೀಲಿ ಬಿಸಿನೀರು ಹೋಗೋದಕ್ಕೆ ಚರಂಡಿ ಇಲ್ಲ. ನಾವು ಇಡೀ ದಿನ ಅದರಲ್ಲೇ ನಿಲ್ತೀವಿ. ಕಾಲು ನೋಡಿ." ಅವಳ ಪಾದಗಳು ನೀರಲ್ಲಿ ನೆನೆದು ಬಿಳಿಚಿ ಸುಕ್ಕುಗಟ್ಟಿದ್ದವು. "ಅದಕ್ಕೊಂದು ಕಾನೂನು ತರ್ತೀರಾ?"

ಸಾಹುಕಾರರ ನಗು ಸ್ವಲ್ಪ ಹಿಂದೆ ಸರಿಯಿತು. ಲಾಂಡ್ರಿಯ ಮಾಲೀಕ ಅವರ ಸ್ವಂತ ಭಾವಮೈದುನ. "ನೋಡೋಣಮ್ಮಾ, ನೋಡೋಣ," ಎನ್ನುತ್ತ ಎದ್ದರು.

ವಕೀಲರ ಕಡೆಯೂ ಕಥೆ ಹೀಗೇ. ಹಮಾಲಿಗಳು ಹೋಗಿ ಓಣಿಯ ಬಾಡಿಗೆ ಏರದಂತೆ ಏನಾದರೂ ಮಾಡಿ ಎಂದು ಕೇಳಿದರೆ, ಆ ಓಣಿಗಳೆಲ್ಲ ಹಳೇ ಪಕ್ಷದವರದ್ದೇ. ವಕೀಲರು ಕೆಟ್ಟವರಲ್ಲ, ಸುಳ್ಳು ಹೇಳುವವರೂ ಅಲ್ಲ. ಅದಕ್ಕೇ ಅವರು ಏನೂ ಹೇಳಲಿಲ್ಲ.

ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದ ಹೆಂಗಸೊಬ್ಬಳಿದ್ದಳು. ತೋಳು ಗಟ್ಟಿ, ನಾಲಗೆ ಅದಕ್ಕಿಂತ ಗಟ್ಟಿ. ಇಸ್ತ್ರಿ ಅಕ್ಕ ಎಂದೇ ಹೆಸರು. ಅವಳು ಊಟದ ಬಿಡುವಿನಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದಳಂತೆ: "ಇವರಿಬ್ಬರ ಅಂಗಡೀಲೂ ನಮಗೆ ಬೇಕಾದ ಸಾಮಾನಿಲ್ಲ. ನಮ್ಮದೇ ಅಂಗಡಿ ಇಡೋಣ." ಹಮಾಲಿಗಳಿಗೂ ಹೇಳಿ ಕಳಿಸಿದರು. ಸಭೆ ಸೇರಬೇಕು, ಆದರೆ ಅಷ್ಟು ಜನ ಸೇರುವುದಕ್ಕೆ ಜಾಗ? ಪಟ್ಟಣದಲ್ಲಿ ಇದ್ದದ್ದು ಒಂದೇ.

ಇಸ್ತ್ರಿ ಅಕ್ಕ ಬಂದು ಭವನ ಕೇಳಿದಳು. ಬೀಗದಕ್ಕ ಸಮಿತಿಯ ಕಾರ್ಯದರ್ಶಿಯನ್ನು ಕೇಳಿದರೆ ಅವರು ತಲೆ ಕೆರೆದುಕೊಂಡು, "ಹಿಂದೆ ಕೊಟ್ಟ ರೂಢಿ ಇಲ್ವಲ್ಲಮ್ಮಾ. ವಕೀಲರು ಊರಿಗೆ ಬಂದ ಮೇಲೆ ಕೇಳೋಣ," ಎಂದು ಜಾರಿಕೊಂಡರು. ವಕೀಲರು ಪರಸ್ಥಳದಲ್ಲಿ ಪ್ರಚಾರದಲ್ಲಿದ್ದರು. ಅತ್ತ ಸಭೆಯ ದಿನ ಎಲ್ಲರಿಗೂ ಹೇಳಿ ಆಗಿತ್ತು.

ಸಭೆಯ ಸಂಜೆ ಕೆಲಸ ಬಿಟ್ಟ ಜನ ಬೀದಿಯ ತುಂಬ ಬಂದು ನಿಂತರು. ಬೀಗದಕ್ಕ ಒಳಗೆ ಕೋಣೆಯಲ್ಲಿ ಗೊಂಚಲು ಹಿಡಿದುಕೊಂಡು ಅತ್ತಿಂದಿತ್ತ ತಿರುಗಿದಳು.

"ತೆಗೆದ್ರೆ ಕೆಲಸ ಹೋಗ್ಬಹುದು. ಕೆಲಸದ ಜೊತೆ ಮನೆ," ಎಂದ ಗಂಡ. ಅವನ ದನಿಯಲ್ಲಿ ಗತ್ತಿರಲಿಲ್ಲ. ಅವನ ಜೊತೆಗಾರರೆಲ್ಲ ಹೊರಗೆ ನಿಂತಿದ್ದರು.

ಅತ್ತೆ ಮೊಣಕೈ ಊರಿ ಎದ್ದು ಕೂತರು. "ಬಾಗಿಲ ಮೇಲಿನ ಬೋರ್ಡಲ್ಲಿ ಏನಂತ ಇದೆ, ಓದಿ ಹೇಳು ಮಗಾ."

ಮೊಮ್ಮಗಳು ಬಾಯಿಪಾಠ ಒಪ್ಪಿಸಿದಳು. "ಪಟ್ಟಣದ ಮತದಾರರ ಸಭೆಗಳಿಗಾಗಿ."

"ಹೂಂ. ನಾನೀಗ ಮತದಾರಳು. ನನಗೆ ಒಳಗೆ ಹೋಗಿ ಕೂರ್ಬೇಕು ಅನ್ನಿಸ್ತಿದೆ. ಇಷ್ಟು ವರ್ಷ ಗೋಡೆ ಈ ಕಡೆಯಿಂದ ಕೇಳಿದ್ದು ಸಾಕು. ಎಬ್ಬಿಸ್ರೇ ನನ್ನ."

ಬೀಗದಕ್ಕ ಅತ್ತೆಯ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಹೊರಗೆ ಹೋಗಿ ಮುಂಬಾಗಿಲಿನ ಬೀಗ ತೆಗೆದಳು. ಮೊದಲು ತಪ್ಪು ಕೀಲಿ ಹಾಕಿದ್ದನ್ನು ಯಾರೂ ಗಮನಿಸಲಿಲ್ಲ.

ಆ ಸಭೆಯಂಥ ಸಭೆ ಆ ಹಜಾರ ಕಂಡಿರಲಿಲ್ಲ. ಕುರ್ಚಿಗಳು ಎಲ್ಲಿ ಸಾಲಬೇಕು! ಕಿಟಕಿಯ ಕಟ್ಟೆಗಳ ಮೇಲೆ, ವೇದಿಕೆಯ ಅಂಚಿನಲ್ಲಿ, ನೆಲದ ಮೇಲೆ, ಎಲ್ಲೆಂದರಲ್ಲಿ ಜನ. ಮಂಚದ ಸಮೇತ ಅತ್ತೆಯನ್ನು ನಾಲ್ವರು ಹಮಾಲಿಗಳು ಮೂಟೆ ಎತ್ತಿದಷ್ಟು ಸಲೀಸಾಗಿ ಎತ್ತಿ ತಂದು ಮೊದಲ ಸಾಲಿನಲ್ಲಿ ಇಟ್ಟರು. ಮೊದಲಿಗೆ ಯಾರು ಎದ್ದು ಮಾತಾಡಬೇಕೆಂದು ಒಬ್ಬರು ಇನ್ನೊಬ್ಬರನ್ನು ತಿವಿದರು. ವೇದಿಕೆಯ ಮೇಲೆ ನಿಂತ ಇಸ್ತ್ರಿ ಅಕ್ಕನೇ ಬೆವರುತ್ತ ಹೂಜಿಯ ನೀರು ಕುಡಿದಳು. ಒಮ್ಮೆ ಶುರುವಾದ ಮೇಲೆ ಮಾತ್ರ ನಿಲ್ಲಿಸುವವರೇ ಇಲ್ಲ. ಚರಂಡಿ, ಯಾರ್ಡಿಗೊಂದು ಸೂರು, ಬಾಡಿಗೆ, ಸುಟ್ಟ ಕೈಗೆ ರಜೆ. ಬೀಗದಕ್ಕ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತು ಕೇಳಿದಳು. ಎಷ್ಟೋ ಭಾಷಣಗಳಿಗೆ ಕುರ್ಚಿ ಹಾಕಿದ್ದಳು. ತನ್ನ ಮನೆಯ ಮಾತು ಅಲ್ಲಿ ಕೇಳಿದ್ದು ಅದೇ ಮೊದಲು.

ಪಕ್ಷಕ್ಕೆ "ದುಡಿಯುವವರ ಪಕ್ಷ" ಎಂಬ ಹೆಸರು ಸುಲಭವಾಗಿ ಸಿಕ್ಕಿತು. ಜಗಳ ಬಂದದ್ದು ಗುರುತಿಗೆ. ಲಾಂಡ್ರಿಯವರಿಗೆ ಇಸ್ತ್ರಿ ಪೆಟ್ಟಿಗೆ ಬೇಕು. ಹಮಾಲಿಗಳಿಗೆ ಮೂಟೆ ಎಳೆಯುವ ಕೊಕ್ಕೆ ಬೇಕು. ಸಭೆ ಮುಗಿದರೂ ಜಗಳ ಮುಗಿಯದೆ ಬೀಗದಕ್ಕನ ಮನೆಯೊಳಗೇ ಬಂದು ಊಟಕ್ಕೆ ಕೂತಿತು.

"ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಯಾರ್ಡಿಗೆ ಹೋದ್ರೆ ನಗ್ತಾರೆ," ಎಂದ ಗಂಡ.

"ಕೊಕ್ಕೆ ಹಿಡ್ಕೊಂಡು ಮನೆಮನೆಗೆ ಹೋದ್ರೆ ಬಾಗಿಲು ಹಾಕ್ಕೊಳ್ತಾರೆ ಅಪ್ಪಾ," ಎಂದಳು ಮಗಳು.

"ಒಳ್ಳೇ ಕೆಲಸಕ್ಕೆ ಕೊಕ್ಕೆ ಹಾಕೋದು ಇವನಿಗೆ ಹೊಸದಾ?" ಎಂದರು ಅತ್ತೆ.

ಅಪ್ಪ ಮಗಳು ಎರಡು ದಿನ ಮುಖ ತಿರುಗಿಸಿಕೊಂಡೇ ಇದ್ದರು. ಚಹಾ ಬೇಕಾದರೂ ಬೀಗದಕ್ಕನ ಮೂಲಕ ಕೇಳುವುದು. ಕೊನೆಗೆ ಇಸ್ತ್ರಿ ಅಕ್ಕನೇ ದಾರಿ ಹುಡುಕಿದಳು: ಗುರುತು ಲಾಂಡ್ರಿಯದು, ಅಭ್ಯರ್ಥಿ ಯಾರ್ಡಿನವನು. ಹಾಗೆ ಶಾಸನಸಭೆಯ ಚುನಾವಣೆಗೆ ನಿಂತವನು ಹಮಾಲಿಗಳ ಮೇಸ್ತ್ರಿ. ಅವನು ಈ ಓಣಿಯಲ್ಲಿ ಮಾತಾಡಿದರೆ ಆಚೆ ಓಣಿಯ ಕೂಸು ಎದ್ದು ಅಳುತ್ತಿತ್ತು. ಆದ್ದರಿಂದ ಹೆಸರು ಗುಡುಗಣ್ಣ. ಧ್ವನಿವರ್ಧಕದ ಬಾಡಿಗೆ ಉಳಿಯಿತು ಎಂದು ಪಕ್ಷದವರು ಸಂತೋಷಪಟ್ಟರು.

ವಕೀಲರು ಊರಿಗೆ ಮರಳಿದ ದಿನ ಬೀಗದಕ್ಕ ಬಾಗಿಲಲ್ಲೇ ಕಾದಿದ್ದಳು. "ಸ್ವಾಮಿ, ನಿಮ್ಮನ್ನ ಕೇಳದೆ ಭವನ ತೆಗೆದುಕೊಟ್ಟೆ."

ಅವರು ತಲೆಯೆತ್ತಿ ಬಾಗಿಲ ಮೇಲಿನ ಬೋರ್ಡನ್ನು ಒಮ್ಮೆ ಓದಿದರು. "ಅವರೂ ಮತದಾರರೇ ಅಲ್ವೇನಮ್ಮಾ," ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ನೆಲ ಚೆನ್ನಾಗಿ ಗುಡಿಸಿದ್ದೀಯ ತಾನೆ?" ಎಂದು ಮಾತ್ರ ಕೇಳಿದರು.

ಆ ಮಾತೇ ಬೀಗದಕ್ಕನಿಗೆ ಕಷ್ಟವಾದದ್ದು. ಅವರು ರೇಗಿದ್ದರೆ ಸುಲಭವಿತ್ತು. ವಕೀಲರೇ ಹಳೇ ಪಕ್ಷದ ಅಭ್ಯರ್ಥಿ; ಹೊಸ ಪಕ್ಷದಿಂದ ಸಾಹುಕಾರರು ನಿಂತಿದ್ದರು. ಓಟಿನ ದಿನ ಹತ್ತಿರವಾದಂತೆ ಅವಳ ಊಟ ಕಡಿಮೆಯಾಯಿತು. ಒಂದು ಕಡೆ ತಾನು ಮಲಗಿದ್ದಾಗ ಕುರ್ಚಿ ಎಳೆದ ಮನುಷ್ಯ. ಇನ್ನೊಂದು ಕಡೆ ಮಗಳ ಬಿಳಿಚಿದ ಪಾದ. ಗಂಡನನ್ನು ಕೇಳಿದರೆ ಗುಡುಗಣ್ಣ ಎನ್ನುತ್ತಿದ್ದ. ಅತ್ತೆಯನ್ನು ಕೇಳಿದರೆ, "ನಾನು ಯಾರಿಗೆ ಅಂತ ಹೇಳಲ್ಲ, ನೀನೂ ಹೇಳ್ಬೇಡ. ಈ ಮನೇಲಿ ನಮ್ಮದು ಅಂತ ಬಾಗಿಲು ಹಾಕ್ಕೊಳ್ಳೋ ಒಂದು ಕೋಣೆ ಎಂದೂ ಇರ್ಲಿಲ್ಲ. ಈಗ ಓಟಿನ ಪರದೆ ಹಿಂದೆ ಒಂದು ಸಿಕ್ಕಿದೆ," ಎಂದುಬಿಟ್ಟರು.

ಓಟಿನ ದಿನ ಶಾಲೆಯ ಮುಂದೆ ಸಾಲು ಬೀದಿಯ ತಿರುವಿನವರೆಗೂ ಬೆಳೆದಿತ್ತು. ಲಾಂಡ್ರಿ ಹೆಂಗಸರು ಮಡಿಕೆ ಮುರಿಯದ ಸೀರೆ ಉಟ್ಟು ಬಂದಿದ್ದರು. ಇಸ್ತ್ರಿ ಅಕ್ಕ ಹಿಂದಿನ ದಿನ ಎಲ್ಲರ ಸೀರೆಗೂ ಪುಕ್ಕಟೆ ಇಸ್ತ್ರಿ ಹಾಕಿಕೊಟ್ಟಿದ್ದಳು. ವಕೀಲರು ತಮ್ಮ ರೂಢಿಯಂತೆ ನೇರವಾಗಿ ಬಾಗಿಲಿಗೆ ಹೋದವರು, ಪೊಲೀಸಿನವನು ಕೈ ತೋರಿಸಿದ ಮೇಲೆ, ಮರಳಿ ಸಾಲಿನ ಕೊನೆಗೆ ಬಂದರು. ಅಲ್ಲಿ ಅವರ ಮುಂದಿದ್ದವಳು ಬೀಗದಕ್ಕ, ಅತ್ತೆಯ ತೋಳು ಹಿಡಿದು.

"ಸಾಲಲ್ಲಿ ನಿಂತು ಅಭ್ಯಾಸ ಇಲ್ಲ ನನಗೆ," ಎಂದರು ವಕೀಲರು, ಕೊಂಚ ಸಂಕೋಚದಿಂದ.

"ಕಷ್ಟ ಏನಿಲ್ಲ," ಎಂದರು ಅತ್ತೆ. "ಮುಂದಿನವರು ಹೆಜ್ಜೆ ಇಟ್ರೆ ನೀವೂ ಇಡಿ. ನಿಂತ್ರೆ ನಿಂತ್ಕೊಳ್ಳಿ. ನಾವೆಲ್ಲ ಬದುಕಿರೋದೇ ಹಾಗೆ."

ಸಾಲೆಲ್ಲ ನಕ್ಕಿತು. ವಕೀಲರೂ ನಕ್ಕರು. ಬೀಗದಕ್ಕ ನಗಲಿಲ್ಲ. ಪರದೆಯ ಹಿಂದೆ ಹೋಗಿ ಅವಳು ಬಹಳ ಹೊತ್ತು ನಿಂತಳು. ಹೊರಗಿನಿಂದ ಅಧಿಕಾರಿ, "ಆಯ್ತಾ ಅಮ್ಮಾ?" ಎಂದ. "ತಡೀರಪ್ಪಾ, ಹುಟ್ಟಿದಾಗಿಂದ ಮೊದಲನೇದು," ಎಂದಳು. ಆಮೇಲೆ ಇಸ್ತ್ರಿ ಪೆಟ್ಟಿಗೆಯ ಮುಂದೆ ಮುದ್ರೆ ಒತ್ತಿದಳು. ಹೊರಗೆ ಬಂದವಳಿಗೆ ಬಿಸಿಲು ಕಣ್ಣಿಗೆ ಹೊಡೆಯಿತು, ವಕೀಲರ ಮುಖ ನೋಡಲಾಗಲಿಲ್ಲ.

ಸಾಹುಕಾರರು ಗೆದ್ದರು. ಆದರೆ ಪಟ್ಟಣದ ಬಾಯಲ್ಲಿ ಉಳಿದದ್ದು ಅವರ ಗೆಲುವಲ್ಲ. ಕೂದಲೆಳೆಯಲ್ಲಿ ಎರಡನೆಯವನಾದ ಗುಡುಗಣ್ಣ, ಬಹಳ ದೂರದಲ್ಲಿ ಮೂರನೆಯವರಾದ ವಕೀಲರು. ಸೋತರೂ ಲಾಂಡ್ರಿಯವರು ಗೆದ್ದವರ ಹಾಗೆ ಮೆರವಣಿಗೆ ಹೋದರು. ಗೆದ್ದ ಸಾಹುಕಾರರು ಸೋತವರ ಹಾಗೆ ಕಿಟಕಿ ಹಾಕಿಕೊಂಡು ಕೂತರು. ದೇಶದ ಬೇರೆ ಪಟ್ಟಣಗಳಿಂದ ಬಂದ ಸುದ್ದಿಯೂ ಹೀಗೇ. ಕೆಲವು ಕಡೆ ಗಣಿ ಕೆಲಸದವರು, ಕೆಲವು ಕಡೆ ಮೀನುಗಾರರು ತಮ್ಮದೇ ಅಂಗಡಿ ತೆರೆದಿದ್ದರು, ಗೆದ್ದೂ ಇದ್ದರು.

ಮುಂದಿನ ವಾರ ವಕೀಲರು ಒಬ್ಬರೇ ಭವನಕ್ಕೆ ಬಂದರು. ಬೀಗದಕ್ಕ ಕುರ್ಚಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಅವರು ಒಣಗಿದ ಕುರ್ಚಿಯೊಂದನ್ನು ನೋಡಿ ಕೂತರು.

"ಒಂದು ಮಾತು ಕೇಳ್ಲೇನಮ್ಮಾ? ಬೇಡ ಅನ್ಸಿದ್ರೆ ಹೇಳ್ಬೇಡ."

"ಕೇಳಿ ಸ್ವಾಮಿ."

"ನೀನು ನನಗೆ ಹಾಕ್ಲಿಲ್ಲ, ಅಲ್ವಾ?"

ಬೀಗದಕ್ಕ ಬಟ್ಟೆ ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. "ಇಲ್ಲ ಸ್ವಾಮಿ. ನೀವು ನನ್ನ ಮನೆ ಉಳಿಸಿದ್ರಿ. ಅದನ್ನ ಸಾಯೋವರೆಗೂ ಮರೆಯಲ್ಲ. ನಿಮಗೇನಾದ್ರೂ ಆದ್ರೆ ನಡುರಾತ್ರೀಲಿ ಕರೆದ್ರೂ ಬರ್ತೀನಿ. ಆದ್ರೆ ಲಾಂಡ್ರಿ ಅನ್ನೋ ಮಾತು ನಿಮ್ಮ ವೇದಿಕೆ ಮೇಲೆ ಒಂದು ಸಲಾನೂ ಬರ್ಲಿಲ್ಲ. ನಾವು ಗೋಡೆಗೆ ಕಿವಿ ಕೊಟ್ಟೇ ಇದ್ವಿ."

"ನಮಗೆ ಯಾರೂ ಹೇಳ್ಲಿಲ್ಲ."

"ಹೇಳೋರು ಒಳಗೆ ಬರೋ ಹಾಗಿರ್ಲಿಲ್ಲ ಸ್ವಾಮಿ."

ವಕೀಲರು ವೇದಿಕೆಯ ಕಡೆ ನೋಡಿದರು. ನೋವಾಗಿತ್ತು, ಮುಚ್ಚಿಡಲಿಲ್ಲ. "ಒಂದು ಸುಳ್ಳು ಹೇಳ್ಬಹುದಿತ್ತು ನೀನು. ಮುದುಕನಿಗೆ ಸಂತೋಷ ಆಗ್ತಿತ್ತು."

"ಹೇಳ್ತಿದ್ದೆ. ಆದ್ರೆ ನೀವು ವಕೀಲರು. ಪಾಟೀಸವಾಲು ಹಾಕಿ ಹಿಡೀತಿದ್ರಿ."

ಅವರು ಥಟ್ಟನೆ ನಕ್ಕುಬಿಟ್ಟರು. ಕೆಮ್ಮು ಬರುವಷ್ಟು ನಕ್ಕರು. ಗೋಡೆಯ ಆಚೆಯಿಂದ ಅತ್ತೆ, "ವಕೀಲರು ಬಂದ್ರೇನೇ?" ಎಂದು ಕೂಗಿದರು. ಬೀಗದಕ್ಕ ಚಹಾ ತಂದುಕೊಟ್ಟಳು. ಅವರು ಕುಡಿದು, ಲೋಟವನ್ನು ಕೆಳಗಿಡದೆ ಅವಳ ಕೈಗೇ ಕೊಟ್ಟು ಹೋದರು.

ಆಮೇಲಿನ ಬೆಳವಣಿಗೆ ಪಟ್ಟಣಕ್ಕೇ ನಗೆಯ ಸರಕಾಯಿತು. ಸ್ವಂತ ಮನೆಯವರ ಓಟು ಎರಡು ಪಾಲಾದರೆ ಮುಂದಿನ ಸಲ ಗುಡುಗಣ್ಣ ಗೆಲ್ಲುವುದು ಖಂಡಿತ ಎಂಬುದು ಎಂಥವರಿಗೂ ಅರ್ಥವಾಗಿತ್ತು. ಹಾಗಾಗಿ ಮುಖ ನೋಡದೆ ಬಾಳಿದ ಎರಡು ಪಕ್ಷಗಳು ಒಂದಾಗಬೇಕಾಯಿತು. ಮಾತುಕತೆಗೆ ನಿಗದಿಯಾದ ಜಾಗ ಭವನವೇ. ಭವನದಲ್ಲಿ ಅಧ್ಯಕ್ಷರಿಗೆಂದು ಇದ್ದದ್ದು ಒಂದೇ ತೋಳುಕುರ್ಚಿ. ಎರಡೂ ಕಡೆಯವರು ಬೆಳಗ್ಗೆಯಿಂದ ಸರದಿಯಲ್ಲಿ ಬಂದು, ಅದು ಯಾರಿಗೆ ಎಂದು ಬೀಗದಕ್ಕನನ್ನು ಗುಟ್ಟಾಗಿ ವಿಚಾರಿಸಿದರು. ಅವಳಿಗೆ ರೋಸಿಹೋಯಿತು. ತೋಳುಕುರ್ಚಿಯನ್ನು ಮನೆಯೊಳಗೆ ಒಯ್ದು ಅತ್ತೆಗೆ ಕೂರಲು ಕೊಟ್ಟು, ವೇದಿಕೆಯ ಮೇಲೆ ಒಂದು ಬೆಂಚು ಹಾಕಿದಳು.

ಬೆಂಚು ಸಣ್ಣದು, ಸಾಹುಕಾರರು ದಪ್ಪ. ವಕೀಲರೂ ಅವರೂ ಭುಜಕ್ಕೆ ಭುಜ ತಾಗಿಸಿ ಕೂತದ್ದನ್ನು ನೋಡಲು ಕಿಟಕಿಗಳಲ್ಲಿ ಜನ ಮುತ್ತಿದರು. ಒಬ್ಬರು ಎದ್ದರೆ ಇನ್ನೊಬ್ಬರು ಉರುಳುವ ಹಾಗಿತ್ತು. ಇಬ್ಬರೂ ಕೊನೆಯವರೆಗೆ ಏಳಲಿಲ್ಲ. ಹುಟ್ಟಿದ್ದು ಐಕ್ಯ ಪಕ್ಷ. "ಕೆಮ್ಮೂ ನಗೂ ಈಗ ಒಂದೇ ಬಾಯಲ್ಲಿ," ಎಂದರು ಅತ್ತೆ, ತೋಳುಕುರ್ಚಿಯಲ್ಲಿ ಕಾಲು ಚಾಚಿ.

ಒಂದಾದದ್ದು ಎಲ್ಲರಿಗೂ ಹಿಡಿಸಲಿಲ್ಲ. ಹೊಸ ಪಕ್ಷದಲ್ಲಿದ್ದ ಸಣ್ಣ ಅಂಗಡಿಯವರಿಗೆ ಬಾಡಿಗೆ ಮನೆಯೊಡೆಯರ ಪಕ್ಕ ಕೂರುವ ಮನಸ್ಸಿರಲಿಲ್ಲ, ಯಾಕೆಂದರೆ ಅವರ ಅಂಗಡಿಗಳೂ ಬಾಡಿಗೆಯವೇ. ಒಬ್ಬೊಬ್ಬರಾಗಿ ದುಡಿಯುವವರ ಪಕ್ಷದ ಕಡೆ ಸರಿದರು. ತಕ್ಕಡಿ ಹಿಡಿಯುವವನು ದುಡಿಯುವವನೋ ಅಲ್ಲವೋ ಎಂದು ಅಲ್ಲಿ ಇಡೀ ಒಂದು ಸಂಜೆ ಚರ್ಚೆಯಾಯಿತು. ಗುಡುಗಣ್ಣ ವಿರೋಧಿಸಿ ಗುಡುಗಿದ. ಆಗ ಬೀಗದಕ್ಕ, ಎಂದೂ ಸಭೆಯಲ್ಲಿ ಬಾಯಿ ತೆರೆಯದವಳು, ಬಾಗಿಲ ಹತ್ತಿರದಿಂದಲೇ ಮಾತಾಡಿದಳು. "ಜಾಗ ಇಲ್ಲ ಅಂತ ನಮ್ಮನ್ನ ಎಷ್ಟು ವರ್ಷ ಹೊರಗಿಟ್ರು? ನಾವು ಬಂದು ಇನ್ನೂ ಸರಿಯಾಗಿ ಕೂತಿಲ್ಲ, ಆಗಲೇ ಬಾಗಿಲು ಹಾಕೋ ಮಾತಾ? ಹಾಕೋದಾದ್ರೆ ನೀವೇ ಹಾಕ್ಕೊಳ್ಳಿ, ಈ ಕೀಲಿ ನಾನು ತಿರುಗಿಸಲ್ಲ."

ಮಾತು ಮುಗಿದ ಮೇಲೆ ಅವಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಳಗೆ ಚಪ್ಪಾಳೆ ಕೇಳಿಸಿತು. ಮೊದಲು ತಟ್ಟಿದವನು ತನ್ನ ಗಂಡ ಎಂದು ಆಮೇಲೆ ಮಗಳು ಹೇಳಿದಳು. ಅಂಗಡಿಯವರು ಪಕ್ಷ ಸೇರಿದರು. ಅಷ್ಟೇ ಅಲ್ಲ, ಪುರಸಭೆಯ ಚುನಾವಣೆ ಬಂದಾಗ ಇಸ್ತ್ರಿ ಅಕ್ಕ ನೇರವಾಗಿ ಬೀಗದಕ್ಕನ ಅಡುಗೆಮನೆಗೆ ಬಂದು ನಿಂತಳು.

"ಈ ವಾರ್ಡಿಗೆ ನೀನೇ."

"ನಾನಾ? ನನಗೆ ಏನು ಗೊತ್ತು?"

"ಇಷ್ಟು ವರ್ಷ ಇದ್ದವರಿಗೆ ಏನು ಗೊತ್ತಿತ್ತು?"

ಗಂಡ ಮೊದಲ ದಿನ ಮುಖ ಗಂಟಿಕ್ಕಿದ. "ಯಾರ್ಡಲ್ಲಿ ನನ್ನನ್ನ ಏನಂತ ಕರೀತಾರೆ?" ಎರಡನೇ ದಿನಕ್ಕೆ ಅವನೇ ಬ್ರಷ್ಷು, ಬಣ್ಣದ ಡಬ್ಬಿ ತಂದು ಗೋಡೆಗಳ ಮೇಲೆ ಇಸ್ತ್ರಿ ಪೆಟ್ಟಿಗೆ ಬರೆಯಲು ಹೊರಟ. ಅವನು ಬರೆದ ಚಿತ್ರ ಅರ್ಧ ದೋಣಿಯಂತೆ, ಅರ್ಧ ಬೂಟಿನಂತೆ ಕಾಣುತ್ತಿತ್ತು. ಮಗಳು ಹಿಂದಿನಿಂದ ಹೋಗಿ ಅದಕ್ಕೊಂದು ಹಿಡಿ ಬರೆದು ಸರಿಮಾಡುತ್ತಿದ್ದಳು. ಅಪ್ಪ ಮಗಳು ಬಣ್ಣ ಬಳಿದುಕೊಂಡು ಮನೆಗೆ ಬಂದರೆ ಯಾರು ಗೋಡೆ, ಯಾರು ಮನುಷ್ಯರು ಎಂದು ತಿಳಿಯುತ್ತಿರಲಿಲ್ಲ.

ಬೀಗದಕ್ಕ ಗೆದ್ದಳು. ಭಾರಿ ಗೆಲುವೇನಲ್ಲ, ಆದರೆ ಗೆಲುವು. ಪುರಸಭೆಯಲ್ಲಿ ಅವಳ ಎದುರು ಸಾಲಿನಲ್ಲಿ ಐಕ್ಯ ಪಕ್ಷದ ಸದಸ್ಯರಾಗಿ ವಕೀಲರು ಕೂತಿದ್ದರು. ಸುತ್ತ ಹೊಸ ಮುಖಗಳು: ಇಸ್ತ್ರಿ ಅಕ್ಕ, ಸೈಕಲ್ ರಿಪೇರಿಯವನು, ಅಂಗಡಿಯವರಿಬ್ಬರು, ಒಬ್ಬಳು ದಾದಿ. ಲಾಂಡ್ರಿಯ ಚರಂಡಿಯ ವಿಷಯವನ್ನು ಬೀಗದಕ್ಕ ಎದ್ದು ನಿಂತು ಹೇಳಿದಳು. ಬರೆದುಕೊಂಡು ಬಂದಿದ್ದರೂ ಕನ್ನಡಕ ಮನೆಯಲ್ಲಿ ಮರೆತಿದ್ದರಿಂದ, ಮನಸ್ಸಿಗೆ ಬಂದಂತೆ, ಮನೆಯಲ್ಲಿ ಮಾತಾಡುವ ಹಾಗೇ ಹೇಳಿದಳು. ನಡುವೆ ಎರಡು ಸಲ ಎಳೆ ತಪ್ಪಿ ಹೋಯಿತು. ಅಧ್ಯಕ್ಷರು ಕೈ ಎತ್ತಿಸಿದಾಗ, ಐಕ್ಯ ಪಕ್ಷದ ಸಾಲಿನಲ್ಲೂ ಮೂರು ನಾಲ್ಕು ಕೈ ಮೇಲೆದ್ದವು. ಅವುಗಳಲ್ಲಿ ಒಂದು ವಕೀಲರದ್ದು. ಲಾಂಡ್ರಿ ಓಣಿಯ ಓಟು ಈಗ ಅವರಿಗೂ ಬೇಕಿತ್ತು ಎಂದು ಆಡಿಕೊಂಡವರಿದ್ದಾರೆ. ಇದ್ದರೂ ಇರಬಹುದು, ಕೈಯಂತೂ ನೇರವಾಗಿಯೇ ಎದ್ದಿತ್ತು. ನಿರ್ಣಯ ಪಾಸಾಯಿತು.

ಸಂಜೆ ಇಸ್ತ್ರಿ ಅಕ್ಕನೂ ಬೀಗದಕ್ಕನೂ ನಡೆದೇ ಮನೆಗೆ ಹೊರಟರು. ದಾರಿಯಲ್ಲಿ ಬಿಸಿ ಕಡಲೆಕಾಯಿ ಕೊಂಡು, ಬೀದಿಯ ಕಟ್ಟೆಯೊಂದರ ಮೇಲೆ ಕೂತು ಸುಲಿದರು.

"ಅಧ್ಯಕ್ಷರು ನಿನ್ನನ್ನ ಏನಂತ ಕರೆದ್ರು ಕೇಳಿಸ್ಕೊಂಡ್ಯಾ?" ಎಂದಳು ಇಸ್ತ್ರಿ ಅಕ್ಕ. "ಮಾನ್ಯ ಸದಸ್ಯೆ!"

"ಕೇಳಿಸ್ತು. ಯಾರಿಗೋ ಹೇಳ್ತಿದ್ದಾರೆ ಅಂದ್ಕೊಂಡು ನಾನೂ ಹಿಂದಕ್ಕೆ ತಿರುಗಿ ನೋಡ್ದೆ."

"ನಾನೂ ನೋಡ್ದೆ ಕಣೇ!"

ಇಬ್ಬರಿಗೂ ನಗು ಉಕ್ಕಿತು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಶುರು ಮಾಡುತ್ತಿದ್ದಳು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಇಳಿದು, "ಏನಾಯ್ತಮ್ಮಾ?" ಎಂದು ಕೇಳಿದರು. ಬೀಗದಕ್ಕ ಒಂದು ಹಿಡಿ ಕಡಲೆಕಾಯಿಯನ್ನು ಅವರ ಕೈಗೆ ತುಂಬಿ, ಕಣ್ಣೊರೆಸಿಕೊಂಡು, ಸೆರಗಿನಿಂದ ಸಿಪ್ಪೆ ಕೊಡವಿ ಎದ್ದಳು. ಅಡುಗೆಗೆ ಹೊತ್ತಾಗಿತ್ತು.